ಸಿ ರಿಪೋರ್ಟ್ ಆದ ಕೊಲೆಗಳು, ಕಾದಂಬರಿ ಹಿಡಿದ ಕೊಲೆಗಾರರು

(ಧಾರವಾಡದ ಓದುಗರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ತಿದ್ದಿ ಬರೆದದ್ದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕ್ರಿಮಿನಲ್ ವಕೀಲನೊಬ್ಬನನ್ನು ಕರೆದು ಪತ್ತೇದಾರಿ ಕತೆಗಳ ಬಗ್ಗೆ ಮಾತಾಡ್ರಿ ಅಂದರೆ ಆತ ತಕರಾರು ತೆಗೆಯುತ್ತಾನೆ ಅಂತ ನಿಮಗೆ ಗೊತ್ತಿದ್ದೇ ಇರಬೇಕು. ತಕರಾರು ಇದೆ. ಆದರೆ ನಾನು ಈ ಪುಸ್ತಕಗಳ ವೈರಿ ಅಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕೈಗೆತ್ತಿಕೊಂಡ ‘ಪತ್ತೇದಾರ ಪುರುಷೋತ್ತಮ’ನನ್ನು ಗದಗ ಬರುವಷ್ಟರಲ್ಲಿ ಮುಗಿಸುತ್ತಿದ್ದ ಪೀಳಿಗೆ ನಮ್ಮದು. ಎನ್. ನರಸಿಂಹಯ್ಯನವರು ಬರೆದ ಕೊಲೆಗಳು ಅವರೇ ಕಟ್ಟಿದವು. ಸತ್ತವನೂ ಸುಳ್ಳು, ಕೊಂದವನೂ ಸುಳ್ಳು, ಯಾರ ಮನೆಗೂ ನಷ್ಟವಿಲ್ಲ. ನನ್ನ ತಕರಾರು ಇರುವುದು ಇನ್ನೊಂದು ಬಗೆಯ ಪುಸ್ತಕದ ಮೇಲೆ. ಖರೇನ ನಡೆದ, ಪೊಲೀಸರಿಗೆ ಬಗೆಹರಿಯದ ಕೊಲೆಯನ್ನು ಎತ್ತಿಕೊಂಡು, ನೂರು ವರ್ಷದ ಮೇಲೆ ಕೊಲೆಗಾರನನ್ನು ಹಿಡಿದು ಕೊಡುತ್ತೇವೆ ಅನ್ನುವ ಕಾದಂಬರಿ, ಸಿನಿಮಾ, ಈಗಿನ ವೆಬ್ ಸೀರೀಸ್.

ಅಪರಾಧ ನಡೆದದ್ದು ಹೌದು, ಮಾಡಿದವರು ಮಾತ್ರ ಪತ್ತೆಯಾಗಲಿಲ್ಲ ಅಂತಾದರೆ ನಮ್ಮ ಪೊಲೀಸರು ಕೋರ್ಟಿಗೆ ‘ಸಿ ರಿಪೋರ್ಟ್’ ಹಾಕುತ್ತಾರೆ. ಅಂಥ ಹಳೆಯ ಫೈಲು ಬಿಚ್ಚಿದರೆ ಒಂದು ಎಫ್‌ಐಆರ್, ಇನ್‌ಕ್ವೆಸ್ಟ್ ಪಂಚನಾಮಾ, ಪೋಸ್ಟ್‌ಮಾರ್ಟಂ ವರದಿ, ಒಂದಿಷ್ಟು ಹೇಳಿಕೆಗಳು. ಓದುತ್ತಾ ಹೋದರೆ ಗುಟ್ಟು ಅಂತ ಏನೂ ಸಿಗುವುದಿಲ್ಲ, ಬರೀ ಕೊರತೆಗಳು ಸಿಗುತ್ತವೆ. ಪಂಚರು ಸರಿಯಾಗಿ ನೋಡದೆ ಸಹಿ ಹಾಕಿರುತ್ತಾರೆ. ನಾಯಿ ಬರುವ ಮೊದಲೇ ಮಳೆ ಬಂದಿರುತ್ತದೆ. ಕಂಡವನು ಗೋವಾಕ್ಕೆ ದುಡಿಯಲು ಹೋಗಿ ಅಲ್ಲೇ ಉಳಿದಿರುತ್ತಾನೆ. ಫೌಜದಾರರು ನಡುವೆಯೇ ವರ್ಗವಾಗಿರುತ್ತಾರೆ. ಕೊಲೆ ಬಗೆಹರಿಯದೆ ಉಳಿಯುವುದು ಬಹುಮಟ್ಟಿಗೆ ಹೀಗೆಯೇ. ಕಾದಂಬರಿಕಾರನಿಗೆ ಈ ಕೊರತೆ ಒಗ್ಗುವುದಿಲ್ಲ. ಖಾಲಿ ಜಾಗ ಕಂಡಲ್ಲೆಲ್ಲ ಆತ ಯಾರೋ ಬೇಕಂತಲೇ ಖಾಲಿ ಮಾಡಿದ್ದಾರೆ ಅಂತ ಬರೆಯುತ್ತಾನೆ. ಕೊರತೆಗೆ ಗುಟ್ಟಿನ ವೇಷ ಹಾಕುತ್ತಾನೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಪುರಾವೆ.

ಈ ಚಾಳಿ ಹೊಸದಲ್ಲ. ಎಡ್ಗರ್ ಅಲನ್ ಪೋ ತನ್ನ ಮೊದಲ ಪತ್ತೇದಾರಿ ಕತೆ ಬರೆದದ್ದು 1841ರಲ್ಲಿ. ಅದರ ಮರುವರ್ಷವೇ ನಿಜವಾದ ಕೊಲೆಗೆ ಕೈಹಾಕಿದ. 1841ರ ಜುಲೈ 25, ಭಾನುವಾರ, ನ್ಯೂಯಾರ್ಕಿನ ಮೇರಿ ರೋಜರ್ಸ್ ಎಂಬ ತರುಣಿ ಮನೆಯಿಂದ ಹೊರಟವಳು ತಿರುಗಿ ಬರಲಿಲ್ಲ. ಮೂರು ದಿನದ ಮೇಲೆ ಹಡ್ಸನ್ ನದಿಯಲ್ಲಿ, ಹೊಬೋಕನ್ ದಂಡೆಯ ಬಳಿ ಹೆಣ ಸಿಕ್ಕಿತು. ಹಿಂದೆ ತಂಬಾಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಚೆಲುವೆ, ಹೀಗಾಗಿ ಪತ್ರಿಕೆಗಳಿಗೆ ಸುಗ್ಗಿ. ಪೋ ಫಿಲಡೆಲ್ಫಿಯಾದಲ್ಲಿ ಕೂತು, ಪತ್ರಿಕೆಯ ವರದಿಗಳನ್ನು ಓದಿಕೊಂಡೇ ಕೊಲೆ ಬಿಡಿಸಲು ಹೊರಟ. ನ್ಯೂಯಾರ್ಕು ಪ್ಯಾರಿಸ್ ಆಯಿತು, ಹಡ್ಸನ್ ಹೋಗಿ ಸೇನ್ ನದಿಯಾಯಿತು, ಮೇರಿ ‘ಮಾರಿ ರೋಜೆ’ ಆದಳು, ತಂಬಾಕಿನಂಗಡಿ ಅತ್ತರಿನಂಗಡಿಯಾಯಿತು. ನಿಜವಾದ ಹಂತಕನ ಕಡೆ ಬೆರಳು ತೋರಿಸಿದ್ದೇನೆ ಅಂತ ಸಂಪಾದಕರಿಗೆ ಪತ್ರವನ್ನೂ ಬರೆದ.

ಕತೆ 1842ರ ನವೆಂಬರಿನಿಂದ ಕಂತುಕಂತಾಗಿ ಅಚ್ಚಾಗತೊಡಗಿತು. ಅದೇ ನವೆಂಬರಿನಲ್ಲಿ, ಹೊಬೋಕನ್ ಹತ್ತಿರ ಖಾನಾವಳಿ ನಡೆಸುತ್ತಿದ್ದ ಹೆಂಗಸೊಬ್ಬಳು ಮಗನ ಕೈಯ ಗುಂಡು ಆಕಸ್ಮಿಕವಾಗಿ ತಗುಲಿ ಸತ್ತಳು. ಮೇರಿ ಸತ್ತದ್ದು ತನ್ನ ಮನೆಯಲ್ಲಿ, ಗರ್ಭಪಾತ ಮಾಡಿಸುವಾಗ ಅಂತ ಸಾಯುವ ಮುಂಚೆ ಆಕೆ ಹೇಳಿದಳು ಅಂತ ಪತ್ರಿಕೆಗಳು ಬರೆದವು. ಪೋನ ಕತೆ ಇದ್ದದ್ದು ಒಬ್ಬ ನೌಕಾಧಿಕಾರಿಯ ಜಾಡಿನಲ್ಲಿ! ಜನವರಿಯಲ್ಲಿ ಬರಬೇಕಿದ್ದ ಕೊನೆಯ ಕಂತು ಫೆಬ್ರವರಿಗೆ ಹೋಯಿತು. 1845ರಲ್ಲಿ ಪುಸ್ತಕವಾಗಿ ಬರುವಾಗ ಪೋ ಅಲ್ಲೊಂದು ಪದ, ಇಲ್ಲೊಂದು ವಾಕ್ಯ ತಿದ್ದಿ ಗರ್ಭಪಾತಕ್ಕೂ ಒಂದು ಕಿಂಡಿ ತೆರೆದಿಟ್ಟ. ಮೇಲೆ ಅಡಿಟಿಪ್ಪಣಿ ಬೇರೆ: ಇಬ್ಬರ ತಪ್ಪೊಪ್ಪಿಗೆಯಿಂದ ತನ್ನ ತೀರ್ಮಾನವಷ್ಟೇ ಅಲ್ಲ, ಮುಖ್ಯ ಊಹೆಗಳೆಲ್ಲವೂ ಸರಿಯೆಂದು ರುಜುವಾತಾಯಿತು ಅಂತ! ಸಾಕ್ಷಿ ಹೇಳಿದ ಮೇಲೆ ಚಾರ್ಜ್‌ಶೀಟು ತಿದ್ದುವ ತನಿಖಾಧಿಕಾರಿಯನ್ನು ನಾವು ಏನಂತ ಕರೆಯುತ್ತೇವೆ ಅಂತ ಇಲ್ಲಿ ಕೂತ ವಕೀಲ ಮಿತ್ರರಿಗೆ ಗೊತ್ತು.

ಅದಕ್ಕಿಂತ ಚಂದದ ಚಾಲಾಕಿ ಕತೆಯ ಕೊನೆಯಲ್ಲಿದೆ. ಪತ್ತೇದಾರ ಹಂತಕನನ್ನು ಹಿಡಿಯಬೇಕಾದ ಜಾಗದಲ್ಲಿ ಕಂಸದೊಳಗೆ ಸಂಪಾದಕರ ಹೆಸರಿನಲ್ಲಿ ಒಂದು ಟಿಪ್ಪಣಿ. ಮುಂದಿನ ಭಾಗವನ್ನು ಕೆಲವು ಕಾರಣಗಳಿಂದ ಇಲ್ಲಿ ಬಿಟ್ಟಿದ್ದೇವೆ, ಅಂದುಕೊಂಡದ್ದೇ ಆಯಿತು ಅಂತ ಹೇಳಿದರೆ ಸಾಕು ಅಂತ. ಅದನ್ನು ಬರೆದವನೂ ಪೋನೇ. ಅವನ ಕೈಯಲ್ಲಿ ಕೊಲೆಗಾರ ಇರಲಿಲ್ಲ, ಆದರೆ ಇದ್ದಾನೆ, ಹೆಸರು ಹೇಳುವ ಹಾಗಿಲ್ಲ ಅನ್ನಿಸುವ ಹಾಗೆ ಮಾಡಿದ. ಅಲ್ಲಿಂದ ಮುಂದೆ ಬಂದವರೆಲ್ಲ ಇದೇ ಗರಡಿಯ ಪೈಲವಾನರು.

ಈಗ ದೊಡ್ಡ ಕೇಸಿಗೆ ಬರೋಣ. 1888, ಲಂಡನ್ನಿನ ವೈಟ್‌ಚಾಪೆಲ್. ಆಗಸ್ಟ್ 31ರಿಂದ ನವೆಂಬರ್ 9ರೊಳಗೆ ಐವರು ಹೆಂಗಸರ ಕೊಲೆ. ಜ್ಯಾಕ್ ದ ರಿಪ್ಪರ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬಂದರು ಹೇಳಿ. ಉದ್ದನೆಯ ಟೊಪ್ಪಿಗೆ, ಭುಜದ ಮೇಲಿಂದ ಇಳಿಬಿಟ್ಟ ಕರಿ ನಿಲುವಂಗಿ, ಕೈಯಲ್ಲಿ ಡಾಕ್ಟರರ ಬ್ಯಾಗು, ಸುತ್ತ ಮಂಜು. ಈ ಚಿತ್ರ ದಾಖಲೆಯಲ್ಲಿ ಇಲ್ಲ. ಆ ರಾತ್ರಿಗಳ ಹವಾಮಾನ ವರದಿ ತೆಗೆದು ನೋಡಿದವರಿಗೆ ಮಳೆ ಸಿಕ್ಕಿದೆ, ಸಿನಿಮಾದ ದಟ್ಟ ಮಂಜು ಸಿಕ್ಕಿಲ್ಲ. ಕ್ಯಾಥರಿನ್ ಎಡ್ಡೋಸ್ ಸಾಯುವ ಹತ್ತು ನಿಮಿಷ ಮೊದಲು ಆಕೆಯ ಜೊತೆ ಒಬ್ಬನನ್ನು ಕಂಡೆ ಅಂದ ಜೋಸೆಫ್ ಲವೆಂಡೆ ಕೊಟ್ಟ ಚಹರೆ ಬೇರೆ: ಮುಂದೆ ಚುಂಚಿನ ಬಟ್ಟೆಯ ಕ್ಯಾಪು, ಸಡಿಲ ಕೋಟು, ಕೊರಳಲ್ಲಿ ಕೆಂಪು ವಸ್ತ್ರ, ನೋಡಲು ಖಲಾಸಿಯ ಹಾಗೆ. ಇನ್ನೊಬ್ಬ ಸಾಕ್ಷಿ ಕಂಡವನು ಹಿಂದೊಮ್ಮೆ ಅನುಕೂಲಸ್ಥನಾಗಿದ್ದು ಈಗ ಹಳಸಿದಂತೆ ಕಾಣುವ ಆಸಾಮಿ. ಈ ಇಬ್ಬರೂ ಬಡಪೇಟೆಯ ಬಡವರನ್ನೇ ಕಂಡದ್ದು.

ಬ್ಯಾಗು ಎಲ್ಲಿಂದ ಬಂತು? ಇದು ನನಗೆ ಬಹಳ ಸೇರುವ ಭಾಗ. ಎಲಿಜಬೆತ್ ಸ್ಟ್ರೈಡ್ ಕೊಲೆಯಾದ ರಾತ್ರಿ ಬರ್ನರ್ ಬೀದಿಯ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಾಗ, ಹೊಳೆಯುವ ಕರಿ ಬ್ಯಾಗು ಹಿಡಿದವನೊಬ್ಬ ಸರಸರ ಹೋದದ್ದನ್ನು ಕಂಡಳು. ಪತ್ರಿಕೆಯಲ್ಲಿ ಬಂತು, ಊರೆಲ್ಲ ಕರಿ ಬ್ಯಾಗಿನ ಮಾತು. ಆಗ ಲಿಯಾನ್ ಗೋಲ್ಡ್‌ಸ್ಟೀನ್ ಎಂಬಾತ ತಾನಾಗಿಯೇ ಲೆಮನ್ ಬೀದಿಯ ಠಾಣೆಗೆ ಬಂದು, ಆ ಬ್ಯಾಗಿನವನು ನಾನೇ, ಕಾಫಿ ಅಂಗಡಿಯಿಂದ ಮನೆಗೆ ಹೋಗುತ್ತಿದ್ದೆ, ಬ್ಯಾಗಿನಲ್ಲಿ ಇದ್ದದ್ದು ಖಾಲಿ ಸಿಗರೇಟು ಡಬ್ಬಿಗಳು ಅಂದ. ಪೊಲೀಸರು ಬರೆದುಕೊಂಡು ಕಳಿಸಿದರು. ಕೇಸಿನಲ್ಲಿ ಬ್ಯಾಗಿನ ಕತೆ ಅಲ್ಲಿಗೆ ಮುಗಿಯಿತು. ಸಿನಿಮಾದಲ್ಲಿ ಆ ಬ್ಯಾಗು ಇನ್ನೂ ತಿರುಗಾಡುತ್ತಿದೆ, ಡಬ್ಬಿಗಳ ಬದಲು ಚೂರಿಗಳನ್ನು ತುಂಬಿಕೊಂಡು.

ಇನ್ನು ಹೆಸರು. 1888ರ ಸೆಪ್ಟೆಂಬರ್ 25ರ ತಾರೀಖಿನ ಒಂದು ಕಾಗದ, ಕೆಂಪು ಮಸಿಯಲ್ಲಿ ಬರೆದದ್ದು, ಒಂದು ಸುದ್ದಿ ಸಂಸ್ಥೆಯ ಕಚೇರಿಗೆ ಬಂತು. ಠಾಣೆಗಲ್ಲ, ಸುದ್ದಿ ಸಂಸ್ಥೆಗೆ. ಕೆಳಗೆ ‘ಜ್ಯಾಕ್ ದ ರಿಪ್ಪರ್’ ಅಂತ ಸಹಿ. ಅದು ಲಂಡನ್ನಿನ ಯಾವನೋ ಪತ್ರಕರ್ತನ ಕೈಚಳಕ ಅಂತ ಆ ಕಾಲದ ಹಿರಿಯ ಪೊಲೀಸ್ ಅಧಿಕಾರಿಯೇ ಮುಂದೆ 1910ರಲ್ಲಿ ನೆನಪುಗಳಲ್ಲಿ ಬರೆದ. ಅಂದರೆ ಕೊಲೆಗಾರನ ಮೇಲೆ ಕತೆಗಾರರು ಕೈಯಿಡುವ ಮೊದಲೇ ವರದಿಗಾರರು ಇಟ್ಟಿದ್ದರು. ಇದರಿಂದ ಯಾರಿಗೆ ಏನು ನಷ್ಟ ಅನ್ನುತ್ತೀರಾ? ಅದಕ್ಕೂ ಕೆಲ ದಿನ ಮೊದಲು ಪತ್ರಿಕೆಗಳು ‘ಚರ್ಮದ ಏಪ್ರನ್’ ಎಂಬ ಅಡ್ಡಹೆಸರಿನ ರಾಕ್ಷಸನನ್ನು ಬರೆದು ಬರೆದು ಬೆಳೆಸಿದವು. ಜಾನ್ ಪೈಜರ್ ಎಂಬ ಯಹೂದಿ ಚಮ್ಮಾರನನ್ನು ಪೊಲೀಸರು ಹಿಡಿದರು. ಆತ ಆ ರಾತ್ರಿಗಳಲ್ಲಿ ಎಲ್ಲಿದ್ದ ಅನ್ನುವುದು ಸಾಬೀತಾಗಿ ಬಿಡುಗಡೆಯಾಯಿತು. ಅಷ್ಟರೊಳಗೆ ಬೀದಿಯಲ್ಲಿ ಯಹೂದಿಗಳ ಮೇಲೆ ಜನ ಏರಿಹೋಗುವ ಪರಿಸ್ಥಿತಿ.

ಇದನ್ನು ನೆನಪಿಟ್ಟುಕೊಂಡು ಗೌಲ್‌ಸ್ಟನ್ ಬೀದಿಯ ಗೋಡೆಗೆ ಬನ್ನಿ. ಸೆಪ್ಟೆಂಬರ್ 30ರ ನಸುಕಿನಲ್ಲಿ, ಎಡ್ಡೋಸಳ ಏಪ್ರನ್ನಿನ ರಕ್ತದ ತುಂಡು ಸಿಕ್ಕ ಜಾಗದ ಮೇಲೆ, ಗೋಡೆಗೆ ಸೀಮೆಸುಣ್ಣದಲ್ಲಿ ಯಹೂದಿಗಳ ಹೆಸರೆತ್ತಿದ ಒಂದು ಸಾಲು ಇತ್ತು. ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರನ್ ತಾನೇ ಬಂದು, ಫೋಟೊ ತೆಗೆಯುವ ಮೊದಲೇ ಅದನ್ನು ಒರೆಸಿ ಹಾಕಿಸಿದ. ಅಬ್ಬಾ, ಕಾದಂಬರಿಕಾರನಿಗೆ ಇನ್ನೇನು ಬೇಕು! ವಾರನ್ ಫ್ರೀಮೇಸನ್ ಎಂಬ ಗುಪ್ತ ಸಂಘದವನು ಬೇರೆ. ಗುಪ್ತ ಸಂಘ, ಒಳಸಂಚು, ಅರಮನೆಯ ರಹಸ್ಯ ಎಲ್ಲ ಆ ಗೋಡೆಯಿಂದಲೇ ಹೊರಟಿತು. ನಿಜ ಸಂಗತಿ ಹೀಗೆ: ಅದು ಭಾನುವಾರ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಪೆಟಿಕೋಟ್ ಲೇನ್ ಸಂತೆಗೆ ಸಾವಿರಾರು ಜನ ಬರುವವರಿದ್ದರು. ಆ ಸಾಲು ಅವರ ಕಣ್ಣಿಗೆ ಬಿದ್ದರೆ ಗಲಭೆ ಆಗುತ್ತದೆ ಅಂತ ಆತ ಹೆದರಿದ. ಫೋಟೊ ಆಗಲಿ ಅಂತ ಹಟ ಹಿಡಿದವರು ಲಂಡನ್ ಸಿಟಿ ಪೊಲೀಸರು, ಅವರ ಹದ್ದು ಬೇರೆ, ವಾರನ್ನನ ಹದ್ದು ಬೇರೆ. ವಾರನ್ ಮಾಡಿದ್ದು ಸರಿಯೋ ತಪ್ಪೋ ವಾದ ಮಾಡಬಹುದು. ನನ್ನನ್ನು ಕೇಳಿದರೆ ಹಲಗೆ ಅಡ್ಡ ಇಟ್ಟು ಬೆಳಗಾಗುವವರೆಗೆ ಕಾಯಬಹುದಿತ್ತು. ಆದರೆ ಗಲಭೆಗೆ ಹೆದರಿ ಸಾಕ್ಷ್ಯ ಕಳೆದ ಅಧಿಕಾರಿಯನ್ನು ನಾವು ಇಲ್ಲೇ ಕಂಡಿದ್ದೇವೆ, ಅವನನ್ನು ಅರ್ಥ ಮಾಡಿಕೊಳ್ಳಲು ಗುಪ್ತ ಸಂಘ ಬೇಕಾಗಿಲ್ಲ.

ಅರಮನೆಯ ಕತೆಯನ್ನು ಬೇಗ ಮುಗಿಸುತ್ತೇನೆ, ಅದಕ್ಕೆ ಅಷ್ಟೇ ಯೋಗ್ಯತೆ. ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೇಲೆ ಗುಮಾನಿ ಗಟ್ಟಿಯಾಗಿ ಕೂತದ್ದು 1970ರಲ್ಲಿ, ಕೊಲೆಗಳಾಗಿ 82 ವರ್ಷದ ಮೇಲೆ. ಒಂದೇ ರಾತ್ರಿ ಎರಡು ಕೊಲೆಯಾದ ಸೆಪ್ಟೆಂಬರ್ 30ರಂದು ಆತ ಇದ್ದದ್ದು ಸ್ಕಾಟ್ಲೆಂಡಿನಲ್ಲಿ. ಮುಂದೆ 1976ರ ಪುಸ್ತಕವೊಂದು ಅರಮನೆಯ ವೈದ್ಯ ವಿಲಿಯಂ ಗಲ್‌ನನ್ನು ಹಿಡಿಯಿತು. 71 ವರ್ಷದ, ಹಿಂದಿನ ವರ್ಷವಷ್ಟೇ ಲಕ್ವ ಹೊಡೆದಿದ್ದ ಮುದುಕ. ಆ ಕತೆಯ ಮೂಲವನ್ನು ಒದಗಿಸಿದಾತ 1978ರಲ್ಲಿ ಅದು ತಾನು ಕಟ್ಟಿದ್ದು ಅಂತ ಪತ್ರಿಕೆಯ ಮುಂದೆ ಒಪ್ಪಿಕೊಂಡ. ಆದರೂ ಸಿನಿಮಾಗಳು ನಿಲ್ಲಲಿಲ್ಲ. ಯಾಕಂದರೆ ಐದು ಬಡ ಹೆಂಗಸರನ್ನು ಹೆಸರಿಲ್ಲದ ಯಾವನೋ ಕೊಂದು, ಸಿಗದೆ ಹೋದ ಅನ್ನುವುದು ಟಿಕೆಟಿನ ದುಡ್ಡಿಗೆ ಸಾಲುವುದಿಲ್ಲ. ಭಾರೀ ಕೊಲೆಗೆ ಭಾರೀ ಮನುಷ್ಯನೇ ಬೇಕು.

ಪೊಲೀಸರ ಕಾಗದವೆಲ್ಲ ವೇದವಾಕ್ಯ ಅಂತ ನಾನು ಹೇಳುತ್ತಿಲ್ಲ. 1894ರಲ್ಲಿ ಮೆಲ್ವಿಲ್ ಮ್ಯಾಕ್‌ನಾಟನ್ ಎಂಬ ಅಧಿಕಾರಿ ಮೂವರ ಹೆಸರು ಬರೆದಿಟ್ಟ. ಆತ ಪೊಲೀಸ್ ಸೇವೆಗೆ ಸೇರಿದ್ದೇ 1889ರಲ್ಲಿ, ಕೊಲೆಗಳು ಮುಗಿದ ಮೇಲೆ. ಅವನ ಮೊದಲನೆಯ ಶಂಕಿತ ಡ್ರೂಯಿಟ್ ‘ವೈದ್ಯ’ನಂತೆ. ಆತ ಬ್ಯಾರಿಸ್ಟರ್, ಜೊತೆಗೆ ಶಾಲಾ ಮಾಸ್ತರ. ಮೂರನೆಯವನು ಆಸ್ಟ್ರೋಗ್, ಆ ಸಮಯದಲ್ಲಿ ಫ್ರಾನ್ಸಿನ ಜೇಲಿನಲ್ಲಿ ಇದ್ದ ಅಂತ ಆಮೇಲೆ ತಿಳಿಯಿತು. ಈ ಒಂದು ಟಿಪ್ಪಣಿಯ ಮೇಲೆ ಎಷ್ಟು ಪುಸ್ತಕಗಳ ಮಾಳಿಗೆ ಎದ್ದಿದೆ ಅಂದರೆ, ತಳಪಾಯ ನೋಡಿದವರು ಒಳಗೆ ಕಾಲಿಡುವುದಿಲ್ಲ.

ಹಾಗಾದರೆ ಯಾಕೆ ಸಿಗಲಿಲ್ಲ? 1888ರಲ್ಲಿ ಬೆರಳಚ್ಚು ಹಿಡಿದು ಗುರುತಿಸುವ ಏರ್ಪಾಡು ಪೊಲೀಸರಲ್ಲಿ ಇರಲಿಲ್ಲ. ಅದು ನಮ್ಮಲ್ಲಿ ಬಂದದ್ದು 1897ರಲ್ಲಿ, ಕಲ್ಕತ್ತೆಗೆ. ಅಲ್ಲಿ ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮ ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಬಂದದ್ದು ಮೇಲಧಿಕಾರಿ ಹೆನ್ರಿ ಸಾಹೇಬರಿಗೆ! ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡಿಗೆ ಅದು ಮುಟ್ಟಿದ್ದು 1901ರಲ್ಲಿ. ಅಂಗಿಯ ಮೇಲಿನ ಕಲೆ ಮನುಷ್ಯನ ರಕ್ತವೋ ಪ್ರಾಣಿಯದೋ ಅಂತ ನಂಬುವ ಹಾಗೆ ಹೇಳುವ ಪರೀಕ್ಷೆ ಬಂದದ್ದೂ 1901ರಲ್ಲೇ. ವೈಟ್‌ಚಾಪೆಲ್ ತುಂಬ ಕಸಾಯಿಖಾನೆ. ರಕ್ತದ ಬಟ್ಟೆಯಲ್ಲಿ ನಸುಕಿನಲ್ಲಿ ನಡೆದು ಹೋಗುವವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೊಂದವನಿಗೂ ಸತ್ತವಳಿಗೂ ಪರಿಚಯವಿಲ್ಲ, ಲಾಭವಿಲ್ಲ, ಜಗಳವಿಲ್ಲ. ಇಂಥ ಕೇಸು ಇವತ್ತು ಸಿಸಿಟಿವಿ ಇಲ್ಲದ ಜಾಗದಲ್ಲಿ ನಡೆದರೆ ನಮ್ಮ ಠಾಣೆಯಲ್ಲೂ ಸಿ ರಿಪೋರ್ಟ್ ಕಡೆಗೇ ವಾಲುತ್ತದೆ.

ಈ ಎಲ್ಲ ಗದ್ದಲದಲ್ಲಿ ಸತ್ತವರು ಎಲ್ಲಿ ಹೋದರು? ಕಾದಂಬರಿಯಲ್ಲಿ ಅವರು ಬಣ್ಣದ ಲಂಗದ ತರುಣಿಯರು, ಗಲ್ಲಿಯ ತಿರುವಿನಲ್ಲಿ ನಕ್ಕು ಸಾಯಲು ಬಂದವರು. ಐವರಲ್ಲಿ ನಾಲ್ವರು 40 ದಾಟಿದವರು. ಮೇರಿ ಆನ್ ನಿಕೋಲ್ಸ್ ಆ ರಾತ್ರಿ ಬೀದಿಯಲ್ಲಿ ಇದ್ದದ್ದು ಧರ್ಮಶಾಲೆಯಂಥ ಬಾಡಿಗೆ ಮನೆಯ ಹಾಸಿಗೆಗೆ ಕೊಡಬೇಕಾದ ನಾಲ್ಕು ಪೆನ್ಸ್ ಇಲ್ಲದ್ದಕ್ಕೆ. ಐವರೂ ವೇಶ್ಯೆಯರು ಅನ್ನುವುದಕ್ಕೇ ಆಧಾರ ಸಾಲದು, ಮೂವರ ಮಟ್ಟಿಗೆ ಅಂಥ ಪುರಾವೆ ಇಲ್ಲ ಅಂತ 2019ರಲ್ಲಿ ಇತಿಹಾಸಕಾರ್ತಿಯೊಬ್ಬರು ವಾದಿಸಿದ್ದಾರೆ. ಒಪ್ಪದವರೂ ಇದ್ದಾರೆ. ಆದರೆ ಆ ಪ್ರಶ್ನೆ ಕೇಳಲು ನೂರಾ ಮೂವತ್ತು ವರ್ಷ ಬೇಕಾಯಿತು ಅನ್ನುವುದನ್ನು ಗಮನಿಸಿ.

ಎಡ್ಡೋಸಳ ಮೈಮೇಲೆ ಸಿಕ್ಕ ವಸ್ತುಗಳ ಪಟ್ಟಿ ಉಳಿದಿದೆ. ನಮ್ಮ ಪಂಚನಾಮಾದ ಹಾಗೆಯೇ. ಆರು ತುಂಡು ಸಾಬೂನು. ಒಂದು ಹಣಿಗೆ. ಒಂಟಿ ಕೆಂಪು ಕೈಗವಸು. ಚಹಪುಡಿಯ ಡಬ್ಬಿ, ಸಕ್ಕರೆಯ ಡಬ್ಬಿ. ಮುರುಕು ಚಷ್ಮಾ. ಒಂದು ಸಾಸಿವೆ ಡಬ್ಬಿ, ಅದರೊಳಗೆ ಎರಡು ಗಿರವಿ ಚೀಟಿ. ಮನೆಯಿಲ್ಲದ ಹೆಂಗಸು ತನ್ನ ಸಂಸಾರವನ್ನು ಕಿಸೆಯಲ್ಲಿ ಹೊತ್ತು ತಿರುಗುತ್ತಿದ್ದಳು. ಕೆಂಟ್ ಸೀಮೆಯ ಹೊಲಗಳಲ್ಲಿ ಕೂಲಿ ಮಾಡಿ ಆಗಷ್ಟೇ ವಾಪಸ್ಸು ಬಂದಿದ್ದ ಜೋಡಿ ಅದು. ಹೊಟ್ಟೆಗಾಗಿ ಗಂಡಾಳಿನ ಬೂಟು ಒತ್ತೆ ಇಟ್ಟಿದ್ದರು. ಸಂಜೆ ಕುಡಿದು ಬಿದ್ದವಳನ್ನು ಪೊಲೀಸರು ಠಾಣೆಗೆ ತಂದು, ರಾತ್ರಿ ಒಂದರ ಸುಮಾರಿಗೆ ಬಿಟ್ಟರು. 1.45ರ ಹೊತ್ತಿಗೆ ಮೈಟರ್ ಚೌಕದಲ್ಲಿ ಹೆಣ. ಠಾಣೆಯಲ್ಲಿ ಆಕೆ ಹೇಳಿದ್ದು ಸುಳ್ಳು ಹೆಸರು. ಹಾಗಾಗಿ ಯಾರಿವಳು ಅಂತ ಗೊತ್ತಾದದ್ದು ಆ ಗಿರವಿ ಚೀಟಿಗಳಿಂದ. ಪತ್ರಿಕೆಯಲ್ಲಿ ಚೀಟಿಯ ವಿಷಯ ಓದಿದ ಆಕೆಯ ಜೊತೆಗಾರ ಜಾನ್ ಕೆಲ್ಲಿ, ಅದು ನನ್ನ ಬೂಟಿನ ಚೀಟಿ ಅಂತ ಠಾಣೆಗೆ ಬಂದ. ಇಡೀ ವೈಟ್‌ಚಾಪೆಲ್ ಕೇಸಿನಲ್ಲಿ ಪತ್ತೇದಾರಿ ಕೆಲಸ ನೆಟ್ಟಗೆ ನಡೆದದ್ದು ಎಲ್ಲಾದರೂ ಇದ್ದರೆ ಅದು ಇಲ್ಲಿ, ಸಾಸಿವೆ ಡಬ್ಬಿಯಲ್ಲಿ. ಸಿನಿಮಾದವರಿಗೆ ಇದು ಬೇಡ.

ನಮ್ಮ ದೇಶದ್ದೂ ಇದೆ. 1980ರ ದಶಕದಲ್ಲಿ ಮುಂಬೈ, 1989ರಲ್ಲಿ ಕಲ್ಕತ್ತೆ: ಫುಟ್‌ಪಾತಿನಲ್ಲಿ ಮಲಗಿದವರ ತಲೆಯ ಮೇಲೆ ಕಲ್ಲು ಎತ್ತಿ ಹಾಕಿ ಕೊಂದ ಸರಣಿ. ‘ಸ್ಟೋನ್‌ಮ್ಯಾನ್’ ಅಂತ ಪತ್ರಿಕೆ ಹೆಸರಿಟ್ಟಿತು. ಕೊಂದವನು ಸಿಗಲಿಲ್ಲ, ಒಬ್ಬನೋ ಹಲವರೋ ಅದೂ ತಿಳಿಯಲಿಲ್ಲ. ಸತ್ತ ಹಲವರ ಹೆಸರೇ ಗೊತ್ತಿಲ್ಲ. ಕೊಂದವನಿಗೆ ಮಾತ್ರ ಪೋಸ್ಟರಿನಲ್ಲಿ ಹಾಕುವಂಥ ಹೆಸರು.

ಮನೆಯವರಿಬ್ಬರನ್ನು ಕೊಂದ ಆರೋಪ ಹೊತ್ತ ಅಮೆರಿಕದ ಲಿಜ್ಜಿ ಬೋರ್ಡನ್ ಮೇಲಿನ ಪದ್ಯ ನಿಮಗೆ ಗೊತ್ತಿರಬಹುದು, ತಾಯಿಗೆ ನಲವತ್ತು ಏಟು, ತಂದೆಗೆ ನಲವತ್ತೊಂದು ಅಂತ. ಪರೀಕ್ಷೆಯಲ್ಲಿ ಕಂಡದ್ದು ಒಬ್ಬರಿಗೆ ಹತ್ತೊಂಬತ್ತರ ಸುಮಾರು, ಇನ್ನೊಬ್ಬರಿಗೆ ಹನ್ನೊಂದರ ಸುಮಾರು. ಸತ್ತ ಹೆಂಗಸು ಲಿಜ್ಜಿಯ ತಾಯಿಯಲ್ಲ, ಮಲತಾಯಿ. ಲಿಜ್ಜಿಯನ್ನು 1893ರಲ್ಲಿ ಜ್ಯೂರಿ ನಿರ್ದೋಷಿ ಅಂದಿತು. ಪದ್ಯಕ್ಕೆ ಮೇಲ್ಮನವಿ ಇಲ್ಲವಲ್ಲ!

ಇಷ್ಟು ಹೇಳಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: “ಹಂಗಾದ್ರ ವಕೀಲಸಾಹೇಬ್ರ, ಖರೇ ಕೊಲಿ ಮ್ಯಾಲ ಕತಿ ಬರೀಲೇಬಾರದೇನ್ರಿ? ನಮ್ಮ ಸಂಗ್ಯಾ ಬಾಳ್ಯಾ ಏನ್ರಿ ಮತ್ತ?”

ಒಳ್ಳೇ ಪ್ರಶ್ನೆ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆ ಅಂತಲೇ ಆ ಸಣ್ಣಾಟದ ಬಗ್ಗೆ ಹೇಳುತ್ತಾ ಬಂದಿದ್ದಾರೆ. ಆದರೆ ಅಲ್ಲಿ ಕೊಂದವರು ಯಾರು ಅಂತ ಆಟ ಕಾಯಿಸುವುದೇ ಇಲ್ಲ. ಈರಣ್ಣ ಮತ್ತು ಅವನ ತಮ್ಮಂದಿರು ಅಂತ ಮುಂದೆ ಕೂತ ಹುಡುಗನಿಗೂ ಗೊತ್ತು. ರಾತ್ರಿಯೆಲ್ಲ ಜನ ಕೂತು ನೋಡುವುದು ಜೀವದ ಗೆಳೆಯ ಬಾಳ್ಯಾ ಹೇಗೆ ಸಂಗ್ಯಾನನ್ನು ಕೈಬಿಟ್ಟ ಅನ್ನುವುದನ್ನು. ಆಡುವವರು ಮಾತು ಕಟ್ಟಿರುತ್ತಾರೆ, ಹಾಡು ಕಟ್ಟಿರುತ್ತಾರೆ, ಅದೆಲ್ಲ ಆಟ ಅಂತ ಎಲ್ಲರಿಗೂ ತಿಳಿದದ್ದೇ. ಈ ಹಾಡಿನಲ್ಲಿ ಹೊಸ ಸಾಕ್ಷ್ಯ ಇದೆ, ಕೇಸು ಮತ್ತೆ ತೆಗೀರಿ ಅಂತ ಯಾರೂ ಹೇಳುವುದಿಲ್ಲ. ಬರೆಯಬೇಡಿ ಅಂತ ನಾನು ಅನ್ನುವುದಿಲ್ಲ. ಊಹೆಯನ್ನು ಚಾರ್ಜ್‌ಶೀಟು ಅಂತ ಮಾರಬೇಡಿ ಅಂತಷ್ಟೇ. ಈರಣ್ಣನ ಹೆಂಡತಿ ಗಂಗಿಗೆ ಸಣ್ಣಾಟದಲ್ಲಿ ನ್ಯಾಯ ಸಿಕ್ಕಿದೆಯೇ ಅಂತ ಕೇಳಿದರೆ ಅದು ಬೇರೆ ಉಪನ್ಯಾಸ, ನನಗೆ ಅನುಮಾನವಿದೆ.

ಇನ್ನೊಬ್ಬ ತರುಣ, ಕಾನೂನು ವಿದ್ಯಾರ್ಥಿ ಇರಬೇಕು: “ಸರ್, ಈಗ ಡಿಎನ್‌ಎ ಬಂದೈತಲ್ರಿ. ಎಡ್ಡೋಸಳ ಶಾಲಿನ ಮ್ಯಾಲಿಂದ ರಿಪ್ಪರ್ ಯಾರಂತ ಹಿಡದಾರಂತ ಯೂಟ್ಯೂಬ್‌ನ್ಯಾಗ ನೋಡೀನ್ರಿ.”

ನಾನೂ ನೋಡಿದ್ದೇನೆ. ಆ ಶಾಲನ್ನು 2007ರಲ್ಲಿ ಹರಾಜಿನಲ್ಲಿ ಕೊಂಡ ಉದ್ಯಮಿಯೇ 2014ರಲ್ಲಿ ಪುಸ್ತಕ ಬರೆದ. ಪೋಲೆಂಡಿನಿಂದ ಬಂದ ಯಹೂದಿ ಕ್ಷೌರಿಕ ಕೊಸ್ಮಿನ್ಸ್ಕಿಯೇ ಕೊಲೆಗಾರ ಅಂದ. ಅಪರೂಪ ಅಂತ ತೋರಿಸಿದ ಡಿಎನ್‌ಎ ಗುರುತು ಎಣಿಕೆಯ ತಪ್ಪು, ಅದು ಯುರೋಪಿನ ಬಹುತೇಕ ಎಲ್ಲರಲ್ಲೂ ಇರುವಂಥದು ಅಂತ ತಜ್ಞರು ಆಕ್ಷೇಪಿಸಿದರು. 2019ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂತು. ಅಲ್ಲಿ ಆಧಾರ ಮಾಡಿಕೊಂಡದ್ದು ತಾಯಿಯ ಕಡೆಯಿಂದ ಇಳಿಯುವ ಮೈಟೊಕಾಂಡ್ರಿಯಲ್ ಡಿಎನ್‌ಎ. ಅದೊಂದನ್ನೇ ಹಿಡಿದು ಒಬ್ಬ ಮನುಷ್ಯನನ್ನು ಗುರುತಿಸಲಾಗದು, ಸಾವಿರಾರು ಜನರಲ್ಲಿ ಒಂದೇ ಇರಬಹುದು. ಆದರೆ ನಾನು ವಕೀಲ, ಡಿಎನ್‌ಎ ತನಕ ಹೋಗುವುದೇ ಇಲ್ಲ. ಆಮೋಸ್ ಸಿಂಪ್ಸನ್ ಎಂಬ ಪೊಲೀಸಿನವನು ಆ ಶಾಲನ್ನು ಕೊಲೆಯಾದ ರಾತ್ರಿ ಮೈಟರ್ ಚೌಕದಿಂದ ಮನೆಗೆ ತಂದ ಅನ್ನುವುದು ಮನೆತನದ ಮಾತು. ಆತ ಮೆಟ್ರೊಪಾಲಿಟನ್ ಪೊಲೀಸ್, ಚೌಕ ಸಿಟಿ ಪೊಲೀಸರ ಹದ್ದಿನದು, ಆತ ಅಲ್ಲಿದ್ದ ಅಂತ ಯಾವ ದಾಖಲೆಯೂ ಹೇಳುವುದಿಲ್ಲ. ಆರು ತುಂಡು ಸಾಬೂನನ್ನೂ ಬಿಡದೆ ಬರೆದ ಪಟ್ಟಿಯಲ್ಲಿ ಆ ಶಾಲು ಇಲ್ಲ. ಸೀಲಿಲ್ಲದ, ಪಂಚನಾಮಾದಲ್ಲಿ ನಮೂದಾಗದ ಮುದ್ದೆಮಾಲನ್ನು ನಾಳೆ ನೀವು ನಮ್ಮ ಜಿಲ್ಲಾ ಕೋರ್ಟಿಗೆ ತಂದರೆ ಎದುರು ವಕೀಲರು ಎದ್ದು ನಿಲ್ಲುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ, ಜಡ್ಜ್ ಸಾಹೇಬರೇ ಕೇಳುತ್ತಾರೆ: ಇದು ಎಲ್ಲಿಂದ ಬಂತು?